ಉಪ್ಪು ನೋಡದೆ ಬಡಿಸಿದ ಬಯಕೆ ಊಟ

ನನ್ನ ಸೊಸೆ ನನ್ನನ್ನು ‘ಅಟ್ಟೆ’ ಎಂದು ಕರೆಯುತ್ತಾಳೆ. ಅತ್ತೆ ಎನ್ನಲು ಅವಳ ಅಮೆರಿಕನ್ ನಾಲಿಗೆ ಹೊರಳುವುದಿಲ್ಲ. ಅಟ್ಟೆ ಎಂದರೆ ಚಪ್ಪಲಿಯ ತಳ ಕಣೇ ಎಂದು ನಾನು ಇವತ್ತಿಗೂ ಹೇಳಿಲ್ಲ. ಮದುವೆಯಾದ ಮೊದಲ ವರ್ಷ ಅವಳು ನನ್ನನ್ನು ಏನೂ ಕರೆಯದೆ, ಗಂಟಲು ಸರಿಪಡಿಸಿಕೊಂಡು ಮಾತು ಶುರು ಮಾಡುತ್ತಿದ್ದಳು. ಅದಕ್ಕಿಂತ ಚಪ್ಪಲಿಯ ತಳವಾಗುವುದೇ ವಾಸಿ.

ಅವಳೂ ನನ್ನ ಮಗನೂ ಇರುವುದು ಶಿಕಾಗೋದಲ್ಲಿ. ನಾನು ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ. ನಾಲ್ಕು ಬೆಡ್‌ರೂಮು, ಎರಡು ಕಾರು ಹಿಡಿಸುವ ಗರಾಜು, ಒಬ್ಬಳು ಮುದುಕಿ. ನಮ್ಮ ಯಜಮಾನರು ಹೋಗಿ ಐದು ವರ್ಷವಾಯಿತು. ಸಬ್‌ಡಿವಿಷನ್‌ನಲ್ಲಿ, ಅಂದರೆ ನಮ್ಮ ಬಡಾವಣೆಯಲ್ಲಿ, ನಮ್ಮವರು ಬೇಕಾದಷ್ಟು ಜನರಿದ್ದಾರೆ, ಹಬ್ಬಕ್ಕೆ ಕರೆಯುತ್ತಾರೆ, ಡಬ್ಬಿಯಲ್ಲಿ ತುಂಬಿಯೂ ಕೊಡುತ್ತಾರೆ. ಆ ಡಬ್ಬಿ ಬಿಚ್ಚಿ ಒಬ್ಬಳೇ ತಿನ್ನುವ ಮಾರನೆಯ ದಿನವಿದೆಯಲ್ಲ, ಅದಕ್ಕೆ ಯಾರನ್ನೂ ಕರೆಯಲಾಗುವುದಿಲ್ಲ. ಮನೆಯಲ್ಲಿ ನನ್ನ ಜೊತೆ ಮಾತಾಡುವುದು ಮೈಕ್ರೋವೇವ್ ಒಂದೇ. ಅದಕ್ಕೂ ನಾನು “ಬಂದೆ ಇರಪ್ಪ” ಎಂದು ಉತ್ತರ ಕೊಡುತ್ತೇನೆ.

ಸೊಸೆಗೆ ಆರು ತಿಂಗಳು ತುಂಬಿದಾಗ ಫೋನಿನಲ್ಲಿ ಕೇಳಿದೆ. “ನಮ್ಮಲ್ಲಿ ಬಸುರಿಗೆ ಬಯಕೆ ಅಂತ ಇರುತ್ತೆ. ಏನು ತಿನ್ನಬೇಕು ಅನ್ನಿಸುತ್ತೋ ಅದನ್ನು ಮಾಡಿಹಾಕಬೇಕು. ಸಂಕೋಚ ಬೇಡ, ಹೇಳು.” ಇದನ್ನೆಲ್ಲ ನಾನು ಇಂಗ್ಲಿಷಿನಲ್ಲೇ ಹೇಳಿದ್ದು. ನೆನಪು ಮಾತ್ರ ಕನ್ನಡದಲ್ಲಿ ಉಳಿದಿದೆ. ಪುಳಿಯೋಗರೆ ಎನ್ನುತ್ತಾಳೆ ಎಂದುಕೊಂಡಿದ್ದೆ. ನಮ್ಮ ಮನೆಗೆ ಬಂದಾಗ ಎರಡು ಸಲ ಹಾಕಿಸಿಕೊಂಡಿದ್ದಳು.

ಅವಳು, “ನಿಜ ಹೇಳಲಾ? ಪುಲ್ಡ್ ಪೋರ್ಕ್” ಎಂದಳು.

ಶಿವ ಶಿವ! ಎಳೆಎಳೆಯಾಗಿ ಬಿಡಿಸಿದ ಹಂದಿ ಮಾಂಸ. ನಾನು ಮೊಟ್ಟೆ ಹಾಕಿದ ಕೇಕು ತಿನ್ನಲು ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಸಂಕೋಚ ಬೇಡ ಎಂದ ಬಾಯಿಯಲ್ಲೇ ಈಗ ಕಡುಬು ಸಿಕ್ಕಿಕೊಂಡ ಹಾಗಾಯಿತು. ಅವಳಿಗೂ ಗೊತ್ತಾಗಿರಬೇಕು. “ಬೇಡ ಅಟ್ಟೆ, ತಮಾಷೆಗೆ ಹೇಳಿದೆ” ಎಂದು ನಕ್ಕಳು. ಆ ನಗು ನನಗೆ ಚೆನ್ನಾಗಿ ಗೊತ್ತು. ಯಾರಿಗೂ ತೊಂದರೆ ಕೊಡಬಾರದು ಎಂದು ಬೆಳೆದ ಹೆಣ್ಣುಮಕ್ಕಳ ನಗು ಅದು.

ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡರಂತೆ. ಸಾಕಿದ್ದು ಅಜ್ಜಿ. ಟೆನೆಸೀಯಿಂದ ಕಾರು ಫ್ಯಾಕ್ಟರಿಯ ಕೆಲಸಕ್ಕೆಂದು ಡೆಟ್ರಾಯಿಟಿಗೆ ಬಂದ ಸಂಸಾರ. ಭಾನುವಾರ ಬಂದರೆ ಅಜ್ಜಿ ಹಿತ್ತಲಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಗೆಯಲ್ಲಿ ಅದನ್ನು ಬೇಯಿಸುತ್ತಿದ್ದರಂತೆ. ಅಜ್ಜಿಯೂ ಮದುವೆಗೆ ಮುಂಚೆಯೇ ಹೋದರು. ಅಂದರೆ ಈ ಹುಡುಗಿಯ ಬಯಕೆ ತೀರಿಸಲು ಭೂಮಿಯ ಮೇಲೆ ಉಳಿದಿದ್ದ ಹೆಂಗಸು ನಾನೊಬ್ಬಳೇ.

ಇನ್ನೊಂದು ಕಾರಣವಿತ್ತು. ಅದನ್ನು ಹೇಳಿದರೆ ನೀವು ನಗುತ್ತೀರಿ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ನಾನು ಬಿ.ಎಸ್ಸಿ. ಓದಿದವಳು, ಇಂಥದ್ದನ್ನು ನಂಬುವುದಿಲ್ಲ. ಆದರೆ ನನ್ನ ಮಗನ ಕಿವಿ ಐದು ವರ್ಷದವರೆಗೆ ಸೋರಿತು. ದಿಂಬಿನ ಮೇಲೆ ಹಳದಿ ಕಲೆ. ಡಾಕ್ಟರು ಕಿವಿಯೊಳಗೆ ಪುಟ್ಟ ಕೊಳವೆಗಳನ್ನು ಕೂರಿಸಿದರು. ನಮ್ಮಮ್ಮ ಮೈಸೂರಿನಿಂದ ಕಾಗದ ಬರೆದು, “ಬಯಕೆ ಏನಾದರೂ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆಯಾ?” ಎಂದು ಕೇಳಿದರು. ಇಟ್ಟುಕೊಂಡಿದ್ದೆ. ಆಗ ನಾವು ವಾರೆನ್‌ನಲ್ಲಿ, ಇವರ ಆಫೀಸಿಗೆ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೆವು. ಹೊರಗೆ ಮೊಣಕಾಲುದ್ದ ಹಿಮ. ಇವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ನನಗೆ ಹೇರಳೆಕಾಯಿ ಗೊಜ್ಜು ಬೇಕೆನ್ನಿಸಿ ಬಾಯಿ ಚಪಲ ತಡೆಯಲಾಗುತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಗೋಡೆಗೆ ಆನಿಸಿಟ್ಟ ಪುಟ್ಟ ಟೇಬಲಿನಲ್ಲಿ, ಗೋಡೆ ನೋಡುತ್ತಾ, ಒಬ್ಬಳೇ ಉಂಡೆ. ಆಮೇಲೆ ಮಗುವಿನ ಕಿವಿಗೆ ಹನಿ ಹಾಕುವಾಗಲೆಲ್ಲ ಇದು ನನ್ನ ತಪ್ಪು ಎಂದುಕೊಳ್ಳುತ್ತಿದ್ದೆ. ಬಿ.ಎಸ್ಸಿ. ಆಗ ಕೆಲಸಕ್ಕೆ ಬರಲಿಲ್ಲ.

ಹಾಗಾಗಿ ಮಾರನೆಯ ದಿನ ನಾನೇ ಫೋನ್ ಮಾಡಿ, “ಬಾ, ಮಾಡಿಕೊಡ್ತೀನಿ” ಎಂದೆ. ಮಗನಿಗೆ ಮಾರ್ಚಿನಲ್ಲಿ ವಾರೆನ್‌ನಲ್ಲಿ ಎರಡು ದಿನದ ಕೆಲಸವಿತ್ತು. ಅವನ ಜೊತೆ ಇವಳೂ ಬರುವುದೆಂದಾಯಿತು. ಮಗ ಮಾತ್ರ, “ಅಮ್ಮಾ, ಆರ್ ಯೂ ಓಕೆ?” ಎಂದು ಮೂರು ಸಲ ಕೇಳಿದ. “ನನಗೇನಾಗಿದೆ ಧಾಡಿ?” ಎಂದೆ.

ಹಸಿಯದನ್ನು ಮುಟ್ಟುವುದು ನನ್ನಿಂದಾಗದ ಮಾತು. ಅಂಗಡಿಯಲ್ಲಿ ಬೇಯಿಸಿ, ಬಿಡಿಸಿ, ಸಾಸಿನಲ್ಲಿ ಕಲಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟದ್ದು ಸಿಗುತ್ತದೆ ಎಂದು ಸೊಸೆಯೇ ಹೇಳಿದಳು. “ಆದರೆ ಅದು ಚೆನ್ನಾಗಿರಲ್ಲ ಅಟ್ಟೆ. ಬರೀ ಸಿಹಿ. ಮೆತ್ತಗೆ, ನೆನೆದ ಹತ್ತಿಯ ಹಾಗೆ.” ಹಾಗಾದರೆ ಅಜ್ಜಿಯದು ಹೇಗಿರುತ್ತಿತ್ತು? ಆ ಪ್ರಶ್ನೆಯೊಂದರಿಂದ ಎರಡು ವಾರ ನಾವು ದಿನಾ ಮಾತಾಡಿದೆವು. ಅಂಚು ಕರಿದ ಹಾಗೆ ಗರಿಗರಿ. ಒಳಗೆ ರಸ. ಹೊಗೆಯ ವಾಸನೆ. ಮೂಗಿಗೆ ಏರುವಷ್ಟು ವಿನೆಗರ್ ಹುಳಿ. ಜೊತೆಗೆ ಸಣ್ಣಗೆ ಹೆಚ್ಚಿದ ಕೋಸು. ಅವಳು ಹೇಳುತ್ತಾ ಹೋದಳು, ನಾನು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಳ್ಳುತ್ತಾ ಹೋದೆ. ಹಂದಿ ಎಂಬ ಪದವನ್ನು ಮಾತ್ರ ಬರೆಯಲಿಲ್ಲ, ‘ಅದು’ ಎಂದು ಬರೆದೆ. ಮಧ್ಯಾಹ್ನ ಎರಡಾಗುತ್ತಿದ್ದಂತೆ ಅವಳ ಫೋನಿಗೆ ಕಾಯತೊಡಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಎರಡು ವಾರ ನಾನು ಮೈಕ್ರೋವೇವ್ ಜೊತೆ ಮಾತಾಡಲಿಲ್ಲ.

ಅಡುಗೆ ಗರಾಜಿನಲ್ಲಿ. ಹೊಸ ತಟ್ಟೆ, ಹೊಸ ಇಕ್ಕಳ, ಹೊಸ ಬಾಣಲೆ, ಇವರು ಸಾಮಾನು ರಿಪೇರಿ ಮಾಡುತ್ತಿದ್ದ ಬೆಂಚಿನ ಮೇಲೆ ಟೋಸ್ಟರ್ ಓವನ್. ಗರಾಜಿನ ಬಾಗಿಲು ಅರ್ಧ ಎತ್ತಿದ್ದೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಕಾರಿನಿಂದ ಉದುರಿ ನೆಲದ ಮೇಲೆ ಬೆಳ್ಳಗಿತ್ತು. ಜಾಕೆಟ್ಟು, ಟೋಪಿ, ಕೈಗೆ ಗ್ಲೌಸು. ಎದುರುಮನೆಯ ಕನ್ನಡದಾಕೆ ನಾಯಿ ಕರೆದುಕೊಂಡು ಹೋಗುತ್ತಾ, “ಆಂಟಿ, ಏನು ಗರಾಜಲ್ಲಿ?” ಎಂದಳು. “ಕ್ಲೀನ್ ಮಾಡ್ತಿದೀನಮ್ಮ” ಎಂದೆ. ಬಯಕೆ ಊಟಕ್ಕೆ ಐದು ಜನ ಮುತ್ತೈದೆಯರನ್ನು ಕರೆಯಬೇಕು. ಯಾರನ್ನೂ ಕರೆದಿರಲಿಲ್ಲ. ಹೇಗೆ ಕರೆಯಲಿ?

ಡಬ್ಬಿ ಬಿಚ್ಚಿದೆ. ಅಯ್ಯೋ, ಆ ವಾಸನೆ! ಬಾಗಿಲಾಚೆ ಹೋಗಿ ಎರಡು ನಿಮಿಷ ಹಿಮದ ಗಾಳಿ ಕುಡಿದು ಬಂದೆ. ಆಮೇಲೆ ಜರಡಿಗೆ ಸುರಿದು ಸಾಸನ್ನು ಬೇರೆ ಸೋಸಿದೆ. ಸಾಸು ಬೆಲ್ಲದ ಪಾಕದಂತಿತ್ತು. ಸಿಹಿ ಜಾಸ್ತಿಯಾದ ಗೊಜ್ಜನ್ನು ಹೇಗೆ ಸರಿಮಾಡುತ್ತೇವೋ ಹಾಗೇ ಮಾಡಿದೆ: ಸೇಬಿನ ವಿನೆಗರ್, ಕುಟ್ಟಿದ ಕರಿಮೆಣಸು, ಒಣಮೆಣಸಿನ ಪುಡಿ, ಚಿಟಿಕೆ ಉಪ್ಪು. ಅರ್ಧ ಇಂಗುವವರೆಗೆ ಕುದಿಸಿದೆ. ಎಳೆಗಳನ್ನು ತಗಡಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್ನಿನ ಮೇಲುರಿಗೆ ಕೊಟ್ಟೆ. ಒತ್ತಾಗಿ ಹಾಕಿದರೆ ತನ್ನ ನೀರಿನಲ್ಲೇ ಮತ್ತೆ ಬೆಂದು ಮುದ್ದೆಯಾಗುತ್ತದೆ. ಅವಲಕ್ಕಿ ಹುರಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಚು ಕಪ್ಪಾಗತೊಡಗಿದಾಗ ತೆಗೆದು, ಇಂಗಿಸಿದ ಸಾಸನ್ನು ಸ್ವಲ್ಪವೇ ಸ್ವಲ್ಪ ಚಿಮುಕಿಸಿ ಕಲಸಿದೆ.

ಹೊಗೆಗೆ ನಮ್ಮಮ್ಮನ ದಾರಿ ಹಿಡಿದೆ. ಮಜ್ಜಿಗೆಗೆ ಇಂಗಿನ ಹೊಗೆ ಕೊಡಲು ಅಮ್ಮ ಕೆಂಡದ ಮೇಲೆ ಇಂಗು ಹಾಕಿ ಪಾತ್ರೆ ಬೋರಲು ಹಾಕುತ್ತಿದ್ದರು. ನಾನು ಇಂಗಿನ ಬದಲು ಗ್ರಿಲ್ಲಿಗೆಂದು ಮಾರುವ ಮರದ ಚೂರು ತಂದಿದ್ದೆ. ಪುಟ್ಟ ಬಟ್ಟಲಲ್ಲಿ ಕೆಂಡವಿಟ್ಟು, ಚೂರು ಹಾಕಿ, ಬಟ್ಟಲನ್ನು ಬಾಣಲೆಯ ನಡುವೆ ಇರಿಸಿ ಮುಚ್ಚಿದೆ. ಐದು ನಿಮಿಷ. ನಮ್ಮಮ್ಮ ಮೇಲಿನಿಂದ ನೋಡುತ್ತಿದ್ದರೆ ಏನೆನ್ನುತ್ತಿದ್ದರೋ, ಆ ದೇವರಿಗೇ ಗೊತ್ತು.

ರುಚಿ ನೋಡಲಿಲ್ಲ. ಹೇಗೆ ನೋಡಲಿ? ಆದರೆ ಅದು ನನಗೆ ಹೊಸದಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ನೈವೇದ್ಯ ಆಗುವವರೆಗೆ ಯಾವುದನ್ನೂ ನಾಲಿಗೆಗೆ ಸೋಕಿಸುವಂತಿರಲಿಲ್ಲ. ನನ್ನ ಅತ್ತೆ ಹುಳಿ ಕುದಿಯುವ ವಾಸನೆಯಲ್ಲೇ, “ಉಪ್ಪು ಸಾಲದು ಕಣೇ” ಎನ್ನುತ್ತಿದ್ದರು. ಮೂವತ್ತು ವರ್ಷ ಹಾಗೆ ದೇವರಿಗೆ ಅಡುಗೆ ಮಾಡಿದವಳು ಒಂದು ದಿನ ಬಸುರಿಗೆ ಮಾಡಲಾರೆನೇ? ಬಗ್ಗಿ ಮೂಸಿದೆ. ಇನ್ನೊಂದು ಚಿಟಿಕೆ ಉಪ್ಪು ಹಾಕಿದೆ.

ಮಗ ಬೆಳಿಗ್ಗೆಯೇ ವಾರೆನ್‌ಗೆ ಹೋಗಿದ್ದ. ಮನೆಯಲ್ಲಿ ನಾವಿಬ್ಬರೇ. ಸೊಸೆಗೆ ಹಸಿರು ಸೀರೆ ಉಡಿಸಿದೆ, ಶಿಕಾಗೋದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂವಿನಿಂದ ಅವಳೇ ತಂದಿದ್ದ ಹಸಿರು ಬಳೆ ತೊಡಿಸಿದೆ, ಮುತ್ತೈದೆಯರಿಲ್ಲದ ಮೇಲೆ ನಾನೇ ಕುಂಕುಮವಿಟ್ಟು ಆರತಿ ಎತ್ತಿದೆ. ಊಟದ ಟೇಬಲ್ಲಿಗೆ ಬಾಳೆಯೆಲೆ ಹಾಕಿ, ಕೋಸು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಬೆಣ್ಣೆಯಲ್ಲಿ ಬಿಸಿ ಮಾಡಿದ ಬನ್ನು, ನಡುವೆ ‘ಅದು’. ಅವಳು ಬಾಳೆಯೆಲೆ ನೋಡಿದಳು, ನನ್ನನ್ನು ನೋಡಿದಳು. “ತಿನ್ನು, ತಿನ್ನು, ಆರಿಹೋಗುತ್ತೆ” ಎಂದು ನಾನು ಅಡುಗೆಮನೆಗೆ ಬಂದೆ. ಬಂದವಳು ಬಾಗಿಲು ಹಾಕಿಕೊಂಡೆ. ವಾಸನೆ ತಡೆಯಲಾಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನಗೆ ನಿಜಕ್ಕೂ ಮೊಸರನ್ನವೇ. ಸಿಂಕಿನ ಪಕ್ಕ ನಿಂತು, ಬಾಗಿಲಾಚೆಯ ಬಳೆಗಳ ಸದ್ದು ಕೇಳುತ್ತಾ ಉಂಡೆ. ಬಳೆ ಸದ್ದು ಮಾಡುತ್ತಿದೆ, ಅಂದರೆ ತಿನ್ನುತ್ತಿದ್ದಾಳೆ ಎಂದು ನನಗೆ ಹಿಗ್ಗೋ ಹಿಗ್ಗು.

ಎಲೆ ಖಾಲಿಯಾಗಿತ್ತು. ಅವಳ ಕಣ್ಣು ಕೆಂಪಾಗಿತ್ತು. ಅಜ್ಜಿಯ ನೆನಪು ಬಂದಿರಬೇಕು ಎಂದುಕೊಂಡೆ. “ತುಂಬಾ ಹತ್ತಿರ ಬಂದಿದೆ ಅಟ್ಟೆ” ಎಂದಳು. ಮಾರನೆಯ ದಿನ ಇಬ್ಬರೂ ಶಿಕಾಗೋಗೆ ಹೊರಟರು. ಗರಾಜಿನಲ್ಲಿ ಹೊಗೆಯ ವಾಸನೆ ಒಂದು ವಾರ ಉಳಿಯಿತು. ಅದು ಹೋಗುವುದು ಬೇಡವೆಂದು ನಾನು ಬಾಗಿಲು ತೆರೆಯಲಿಲ್ಲ.

ಹೆಣ್ಣು ಮಗು ಹುಟ್ಟಿತು. ನಾಲ್ಕು ತಿಂಗಳಾದಾಗ ಒಂದು ಸಂಜೆ ವಿಡಿಯೋದಲ್ಲಿ ನೋಡುತ್ತೇನೆ, ಮಗುವಿನ ಕಿವಿಯಲ್ಲಿ ಹತ್ತಿ. ಮಗ, “ಇಯರ್ ಇನ್ಫೆಕ್ಷನ್ ಅಮ್ಮಾ, ಇಟ್ಸ್ ವೆರಿ ಕಾಮನ್” ಎಂದ. ಏನು ಬಿಟ್ಟೆ? ಉಪ್ಪೇ? ಹುಳಿಯೇ? ಕ್ಯಾಲೆಂಡರಿನ ಹಿಂಭಾಗ ತೆಗೆದು ಓದಿದೆ. ಎಲ್ಲ ಮಾಡಿದ್ದೆ. ಸೊಸೆಗೆ ಬೇರೆಯಾಗಿ ಫೋನ್ ಮಾಡಿ, ಮೊದಲ ಸಲ ಕಿವಿಯ ಕಥೆ ಹೇಳಿ ಕೇಳಿದೆ: “ನಿಜ ಹೇಳು, ಬಯಕೆ ಏನಾದರೂ ಉಳಿಸಿಕೊಂಡಿದ್ದೆಯಾ?”

ನಕ್ಕಳು. ಮಕ್ಕಳ ಡಾಕ್ಟರಿಗೆ ಇದನ್ನು ಹೇಳುತ್ತೇನೆ ಎಂದಳು. ಆಮೇಲೆ ನಗು ನಿಂತಿತು.

“ಒಂದಿತ್ತು. ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಿ ಬಡಿಸಿ ಎದುರಿಗೆ ಕೂರುತ್ತಿದ್ದಳು. ನೀವು ಕೂರುತ್ತೀರಿ ಅಂದುಕೊಂಡಿದ್ದೆ. ತಿನ್ನೋದು ಬೇಡ, ಸುಮ್ಮನೆ ಕೂತಿದ್ದರೆ ಸಾಕಿತ್ತು. ನೀವು ಬಾಗಿಲು ಹಾಕಿಕೊಂಡಿರಿ.”

ವಾರೆನ್‌ನ ಆ ಗೋಡೆ ಕಣ್ಣ ಮುಂದೆ ಬಂತು. ಇಷ್ಟು ವರ್ಷ ಹೇರಳೆಕಾಯಿ ಹೇರಳೆಕಾಯಿ ಎಂದುಕೊಂಡೇ ಬಂದಿದ್ದೆ. ಆ ಗೋಡೆಯನ್ನೇ ತಂದು ನಾನು ಈ ಹುಡುಗಿಯ ಮುಂದೆ ನಿಲ್ಲಿಸಿದ್ದೆ. ಹಸಿರು ಸೀರೆ ಉಡಿಸಿ, ಆರತಿ ಎತ್ತಿ.

ಮಾರನೆಯ ಬೆಳಿಗ್ಗೆ ಅದೇ ಅಂಗಡಿಗೆ ಹೋಗಿ ಅದೇ ಡಬ್ಬಿ ತಂದೆ. ಐಸ್ ಪೆಟ್ಟಿಗೆಯಲ್ಲಿಟ್ಟು, ಮರದ ಚೂರು, ವಿನೆಗರ್, ಬಾಣಲೆ ಎಲ್ಲ ಕಾರಿಗೆ ಹಾಕಿಕೊಂಡು ಹೊರಟೆ. ಇನ್ನೂರೆಂಬತ್ತು ಮೈಲಿ. ಅಷ್ಟು ದೂರ ನಾನು ಒಬ್ಬಳೇ ಎಂದೂ ಡ್ರೈವ್ ಮಾಡಿರಲಿಲ್ಲ. ಟ್ರಕ್ಕುಗಳು ಹಾರ್ನ್ ಹೊಡೆದವು, ನಾನೂ ಕನ್ನಡದಲ್ಲಿ ಬೈದೆ.

ಈ ಸಲ ಅವಳ ಅಡುಗೆಮನೆಯಲ್ಲೇ ಮಾಡಿದೆ. ಹೊಗೆಗೆ ಅಲಾರಂ ಕೂಗಿ, ಸೊಸೆ ಟವೆಲ್ ಬೀಸಿ ಸುಮ್ಮನಾಗಿಸಿದಳು. ಬಡಿಸಿ, ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ. ಮಗು ನನ್ನ ತೊಡೆಯ ಮೇಲಿತ್ತು, ಕಿವಿಯಲ್ಲಿ ಹತ್ತಿ. ವಾಸನೆ ಮೂಗಿಗೆ ಬಡಿಯುತ್ತಿತ್ತು. ಅವಳು ಒಂದು ತುತ್ತು ತಿಂದು, “ಉಪ್ಪು ಸ್ವಲ್ಪ ಕಮ್ಮಿ, ಅಟ್ಟೆ” ಎಂದಳು.

“ಗೊತ್ತು. ವಾಸನೆಯಲ್ಲೇ ಗೊತ್ತಾಯ್ತು. ಹಾಕಿಕೋ” ಎಂದು ಉಪ್ಪಿನ ಡಬ್ಬಿ ಅವಳತ್ತ ಸರಿಸಿದೆ.

ಅವಳು ನಿಧಾನವಾಗಿ ತಿಂದಳು. ಕೊನೆಯ ತುತ್ತು ಮುಗಿಯುವವರೆಗೆ ನಾನು ಏಳಲಿಲ್ಲ.