ನಾನು ತಿದ್ದಿದ ರಿಪೋರ್ಟ್ ಬುಕ್

ಬೆಳಿಗ್ಗೆ ಕಡುಬಿನ ಪಾತ್ರೆ ಒಲೆಯ ಮೇಲಿಟ್ಟು, ಶೆಲ್ಫಿಗೆ ಹಾಸಲು ಹಳೇ ಕಾಗದ ಹುಡುಕುತ್ತಿದ್ದೆ. ದಿನಾ ಏನಾದರೊಂದು ಒರೆಸಿ ಜೋಡಿಸದಿದ್ದರೆ ನನಗೆ ಸಮಾಧಾನವಿಲ್ಲ. ಅಟ್ಟದ ಪೆಟ್ಟಿಗೆಯಿಂದ ಕೈಗೆ ಬಂದದ್ದು ನಮ್ಮ ಎಸ್ಟೇಟಿನ ಹಳೇ ರಿಪೋರ್ಟ್ ಬುಕ್. ತೆರೆದರೆ ಪುಟದ ತುಂಬ ಕೆಂಪು ಗೀಟು. ಗೀಟು ನನ್ನದೇ.

ಬರೆದವರು ರೈಟರ್ ಮಂಜಪ್ಪ, ಅಂದರೆ ನಮ್ಮ ತೋಟದ ಗುಮಾಸ್ತರು. ಓದುತ್ತಿದ್ದವರು ನಮ್ಮ ಮಾವ. ಇಬ್ಬರೂ ಅಪ್ಪಟ ಕನ್ನಡದವರು. ಆದರೂ ಬಿಳಿ ದೊರೆಗಳ ಕಾಲದ ಪದ್ಧತಿಯೆಂದು ದಿನದ ವರದಿ ಇಂಗ್ಲಿಷಿನಲ್ಲೇ ಆಗಬೇಕು. ಮಂಜಪ್ಪ ಕಿವಿಗೆ ಕೇಳಿದಂತೆ ಬರೆಯುತ್ತಿದ್ದರು. ತೋಟಕ್ಕೆ ಕಾಟಿ, ಅಂದರೆ ಕಾಡುಕೋಣ ನುಗ್ಗಿದ್ದು, ಮೆಣಸಿನ ಬಳ್ಳಿ ಹಳದಿಯಾದದ್ದು, ಕೂಲಿಯವರ ಲೈನ್ ಮನೆಗಳಲ್ಲಿ ಯಾರಿಗೋ ಹೆಣ್ಣುಮಗು ಹುಟ್ಟಿದ್ದು, ಎಲ್ಲ ಅದರಲ್ಲಿರುತ್ತಿತ್ತು.

ನಾನೋ ಹೊಸ ಸೊಸೆ, ಕಾನ್ವೆಂಟಿನಲ್ಲಿ ಓದಿದವಳು ಬೇರೆ. ‘ರಿಸೀವ್’ನಲ್ಲಿ ಸಿ ಆದ ಮೇಲೆ ಇ, ಆಮೇಲೆ ಐ ಎಂದು ಸಿಸ್ಟರ್ ಇಪ್ಪತ್ತು ಸಲ ಬರೆಸಿದ್ದರು. ‘ಸೆಪರೇಟ್’ನ ಹೊಟ್ಟೆಯೊಳಗೆ ಒಂದು ‘ರ‍್ಯಾಟ್’ ಇದೆ, ಮರೆಯಬೇಡಿ ಎಂದಿದ್ದರು. ಯಾರೂ ಕೇಳದಿದ್ದರೂ ಮಂಜಪ್ಪನವರ ತಪ್ಪುಗಳನ್ನೆಲ್ಲ ತಿದ್ದಿ, ಅಂಚಿನಲ್ಲಿ ರೂಲನ್ನೂ ಬರೆದುಬಿಟ್ಟೆ. ನಂಬಿ, ಉಪಕಾರವೆಂದೇ ಅಂದುಕೊಂಡಿದ್ದೆ.

ವಾರದೊಳಗೆ ವರದಿ ಒಂದೇ ಸಾಲಿಗೆ ಇಳಿಯಿತು: ‘ವರ್ಕ್ ಗೋಯಿಂಗ್ ಆನ್.’

“ಏನು ಮಂಜಪ್ಪ, ತೋಟದಲ್ಲಿ ಏನೂ ನಡೀತಾನೇ ಇಲ್ವಾ?” ಮಾವ ಕೇಳಿದರು.

“ನಡೀತಿದೆ ಅಯ್ಯ. ಸುಮ್ನೆ ಅಮ್ಮನೋರಿಗೆ ಕೆಲ್ಸ ಯಾಕೆ ಅಂತ.”

ಬಾಗಿಲ ಹಿಂದಿದ್ದ ನನಗೆ ಕೇಳಿಸಿತು. ಆಚೆ ಬರಲಿಲ್ಲ. ಅವರು ಕೆಲಸ ಬಿಡುವವರೆಗೂ ವರದಿ ಆ ಒಂದು ಸಾಲೇ ಆಗಿತ್ತು.

ಇವತ್ತು ಪಾತ್ರೆಯ ನೀರು ಬತ್ತಿ ಸೀದ ವಾಸನೆ ಬಂದಾಗಲೇ ಎಚ್ಚರ. ಒಣಹಾಕಿದ ಬಟ್ಟೆ ತೆಗೆದೆ, ಒಣಗಿಲ್ಲವೆಂದು ಮತ್ತೆ ಹಾಕಿದೆ. ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ, ಬಾಳೂರಿನ ಮಗಳ ಮನೆಯಲ್ಲಿರುವ ಮಂಜಪ್ಪನವರಿಗೆ ಫೋನ್ ಮಾಡಿಯೇಬಿಟ್ಟೆ.

“ಅವತ್ತು ನಾನು ಹಾಗೆ ತಿದ್ಬಾರ್ದಿತ್ತು ಮಂಜಪ್ಪನವ್ರೇ.”

“ಅಯ್ಯೋ ಬಿಡಿ ಅಮ್ಮ. ನೀವು ತಿದ್ದಿದ್ರಿಂದ್ಲೇ ನಾನು ನಾಕಕ್ಷರ ಕಲ್ತಿದ್ದು,” ಎಂದು ನಕ್ಕರು. ಆಮೇಲೆ ಮಳೆಯ ಮಾತು, ಮೊಣಕಾಲಿನ ಮಾತು. ಫೋನಿಟ್ಟಾಗ, ಅಬ್ಬ, ಇಷ್ಟು ಸುಲಭವಿತ್ತೇ ಎನಿಸಿತು.

ಸಂಜೆ ಪಕ್ಕದ ಮನೆಯ ಕಮಲಕ್ಕ ಹೀರೇಕಾಯಿ ಕೊಡಲು ಬಂದರು. ಅವರಿಗೂ ಎಲ್ಲ ಹೇಳಿ, ಒಂದು ಭಾರ ಇಳಿಯಿತು ಕಮಲಕ್ಕ ಎಂದೆ.

ಅವರು ಚಪ್ಪಲಿ ಮೆಟ್ಟುತ್ತಾ, “ಬರೆಯೋದು ಬಿಟ್ಟಿದ್ದು ಅವ್ರೊಬ್ರೇ ಏನಲ್ಲ ಮಾರಾಯ್ತಿ, ನಾನೂ ನಿಂಗೆ ಮೆಸೇಜ್ ಹಾಕೋದೇ ಇಲ್ವಲ್ಲ, ಏನಿದ್ರೂ ಫೋನೇ ಮಾಡೋದು,” ಎಂದು ಗೇಟಿನ ಕಡೆ ನಡೆದರು.