ಓಯ್ತಾ ಸಾ?

ಕೊಳ್ಳೇಗಾಲದ ನಮ್ಮ ಪಕ್ಕದ ಮನೆಯ ರೇಷ್ಮೆ ನೇಕಾರರಿಗೆ ಕಣ್ಣು ಮಂಜಾದ ಮೇಲೆ ದಪ್ಪಕ್ಷರದ ಇ-ರೀಡರೇ ಗತಿ. ಅದಕ್ಕೆ ಪುಸ್ತಕ ತುಂಬುವ ಸಾಫ್ಟ್‌ವೇರ್ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಆ ದರಿದ್ರದ್ದು ನಡುನಡುವೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಅವರು ಕಡಿದ ಎಳೆ ಸೇರಿಸುವವರಂತೆ ಬೆರಳು ಹೊಸೆಯುತ್ತ ಕೇಳುವರು: "ಓಯ್ತಾ ಸಾ?"

ಒಮ್ಮೆ ತೆರೆಯ ಮೇಲೆ ಹೊಸ ಪ್ರಶ್ನೆ ಬಂತು. "ಹಳೆಯದೆಲ್ಲ ಅಳಿಸಲೇ ಅಂತ ಕೇಳ್ತಿದೆ," ಎಂದೆ. ಮೌಸ್ ಮೇಲಿದ್ದ ನನ್ನ ಕೈಯನ್ನು ಅವರು ಗಾಬರಿಯಿಂದ ಅದುಮಿ ಹಿಡಿದರು.

"ಬ್ಯಾಡಿ ಸಾ! ಮಗ್ಗಕ್ಕೆ ಒಸ ಎಳೆ ಏರ್ಸುವಾಗ ಅಳೇ ಎಳೆ ತುದೀಗೇ ಗಂಟಾಕ್ತೀವಿ, ಕಿತ್ತಾಕಲ್ಲ. ನಮ್ಮೋಳು ಸಾಯೋಕ್ ಮುಂಚೆ ಗೆರೆ ಎಳ್ದಿರೋ ಸಾಲುಗಳವೆ ಅದ್ರಲ್ಲಿ."

ಆ ಹಿಡಿತಕ್ಕೇ 'ಸರಿ' ಗುಂಡಿ ಒತ್ತಿಹೋಗಿತ್ತು. ಪುಸ್ತಕಗಳು ಮತ್ತೆ ತುಂಬಿಕೊಂಡವು. ಗೆರೆ ಒಂದೂ ಇರಲಿಲ್ಲ.

"ಓಯ್ತಾ ಸಾ?"

"ನಾನೇ ಒತ್ತಿಬಿಟ್ಟೆ, ಯಜಮಾನ್ರೇ," ಎಂದೆ.