ಮೂರು ಮೆಟ್ಟಿಲು ಕೆಳಗಿಳಿದ ಬಸವಣ್ಣ

ನಮ್ಮೂರ ಕೆರೆಯ ಬಸವಣ್ಣನನ್ನು ಮೂರು ಮೆಟ್ಟಿಲು ಕೆಳಗೆ ಇಳಿಸಿದವಳು ನಾನು. ಹನ್ನೆರಡು ವರ್ಷದಿಂದ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ಇಬ್ಬರು ಮಕ್ಕಳನ್ನು ಹೆತ್ತಿದ್ದೇನೆ, ಮಹಿಳಾ ಮಂಡಲದ ಸಭೆಯಲ್ಲಿ ಸತ್ಯ ಹೇಳಲು ಅಂಜಬಾರದೆಂದು ಭಾಷಣವನ್ನೂ ಮಾಡಿದ್ದೇನೆ — ಆ ಭಾಷಣ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾಳೆ ಗೊರಸಿನ ದಿನ. ನಾಳೆ ಹೇಳದಿದ್ದರೆ ಇನ್ನೆಂದೂ ಹೇಳುವವಳಲ್ಲ ಎಂದು ನನಗೇ ಗೊತ್ತಿರುವುದರಿಂದ, ಬಾಯಿ ತಪ್ಪಿಸಿಕೊಳ್ಳದಂತೆ ಮೊದಲು ಕೈಯಿಂದ ಬರೆದಿಡುತ್ತಿದ್ದೇನೆ.

ಗೊರಸಿನ ದಿನವೆಂದರೆ ಹೊರಗಿನವರಿಗೆ ತಿಳಿಯುವುದಿಲ್ಲ. ನ್ಯಾಮತಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ಊರಿಗೆ ಇರುವುದು ಒಂದೇ ಕೆರೆ. ಅದರ ತೂಬಿನ ಪಕ್ಕ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಅವುಗಳಲ್ಲೊಂದರ ಮೇಲೆ ಒಬ್ಬ ಕಲ್ಲಿನ ಬಸವಣ್ಣ ನಿಂತಿದ್ದಾನೆ. ದೊಡ್ಡವನೇನಲ್ಲ, ತುಂಬಿದ ಕೊಡದಷ್ಟು ಭಾರ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಪೂರಾ ಮುಳುಗಿರುತ್ತಾನೆ. ಆಮೇಲೆ ತೂಬು ತೆಗೆದು ಭತ್ತದ ಗದ್ದೆಗಳಿಗೆ ನೀರು ಬಿಡುತ್ತಾರೆ. ನೀರು ಇಳಿಯುತ್ತಾ ಇಳಿಯುತ್ತಾ ಬಸವಣ್ಣನ ಕೊಂಬು, ಆಮೇಲೆ ಬೆನ್ನು, ಕೊನೆಗೆ ಗೊರಸು ಕಾಣುತ್ತದೆ. ಗೊರಸು ಕಂಡ ದಿನ ತೂಬು ಮುಚ್ಚಬೇಕು. ಅಲ್ಲಿಂದ ಕೆಳಗಿನ ನೀರು ದನದ್ದು, ಹಕ್ಕಿಯದು, ಮೀನಿನದು. ಸ್ವಲ್ಪ ಬಟ್ಟೆ ಒಗೆಯುವ ನಮ್ಮದು. ಗದ್ದೆಗೆ ಅದರಲ್ಲಿ ಒಂದು ಬೊಗಸೆಯೂ ಇಲ್ಲ. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಅವತ್ತು ಏರಿಯ ಮೇಲೆ ಹುಗ್ಗಿ ಬೇಯಿಸಿ ಬಸವಣ್ಣನಿಗೆ ಎಡೆ ಕೊಟ್ಟು ಉಂಡು ಬರುತ್ತೇವೆ, ಅಷ್ಟೆ.

ತೂಬು ತೆಗೆಯುವ, ಮುಚ್ಚುವ ಕೆಲಸ ನೀರುಗಂಟಿ ದುರುಗಪ್ಪನವರದು. ಅವರ ಅಪ್ಪ, ಅಜ್ಜ ಎಲ್ಲ ಅದನ್ನೇ ಮಾಡಿದವರು. ಕೆಳಗಿನ ಕೇರಿಯವರಾದ್ದರಿಂದ ಊರಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ಅವರನ್ನು ‘ದುರುಗ’ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹದಿನೆಂಟು ವರ್ಷದ ನಾನೂ ಹಾಗೇ ಕರೆದೆ. ಈಗ ಅಜ್ಜ ಎನ್ನುತ್ತೇನೆ, ಬಹುವಚನ ಹಚ್ಚುತ್ತೇನೆ — ಅದೂ ನಾನು ತಡವಾಗಿ ಮಾಡಿದ ಕೆಲಸವೇ.

ನನ್ನ ತವರು ಚನ್ನಗಿರಿ ಕಡೆ, ಭದ್ರಾ ಕಾಲುವೆಯ ದಂಡೆ. ಅಲ್ಲಿ ವರ್ಷಕ್ಕೆ ಎರಡು ಬೆಳೆ. ನಮ್ಮಪ್ಪನಿಗೆ ಅದು ಬರೀ ಬೆಳೆಯಲ್ಲ, ಮೀಸೆ. ಮದುವೆಯಾದ ಎರಡನೇ ವರ್ಷ, ಈ ಊರ ಹಿರಿಯರೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಅನ್ನ ಕಲಸುತ್ತಾ ಅವರು ಒಂದು ಮಾತು ಬಿಟ್ಟರು.

“ಒಂದೇ ಬೆಳೆ ತೆಗೆಯೋ ಊರಿಗೆ ಕೊಟ್ಟುಬಿಟ್ವಲ್ಲ ಮಗಳ್ನ. ಉಳಿದ ಆರು ತಿಂಗ್ಳು ಏನ್ ಮಾಡ್ತೀರವ್ವ, ಕೆರೆ ನೋಡ್ಕಂತ ಕೂರ್ತೀರಾ?”

ಎಲ್ಲರೂ ನಕ್ಕರು. ನಮ್ಮ ಯಜಮಾನರು ನಗಲಿಲ್ಲ. ನನಗೂ ಮೈಯೆಲ್ಲ ಉರಿಯಿತು. ಉರಿದದ್ದು ಅಪ್ಪನ ಮೇಲಲ್ಲ — ಆ ಬಸವಣ್ಣನ ಮೇಲೆ. ಕೆರೆಯಲ್ಲಿ ಅಷ್ಟು ನೀರಿದೆ, ಕೆಳಗೆ ಗದ್ದೆ ಒಣಗಿಕೊಂಡು ಬಿದ್ದಿದೆ, ನಡುವೆ ಇವನೊಬ್ಬ ನಿಂತುಕೊಂಡು ಬೇಡವೆನ್ನುತ್ತಾನೆ. ಎರಡನೇ ಬೆಳೆ ಬಂದರೆ ಮನೆಗೊಂದು ರೇಡಿಯೋ ಬರುತ್ತದೆ, ಅಪ್ಪನ ಬಾಯಿ ಮುಚ್ಚುತ್ತದೆ. ಇಷ್ಟೇ ನನ್ನ ಲೆಕ್ಕಾಚಾರ. ಹಸಿವಿನಿಂದ ಮಾಡಿದೆ ಎಂದು ಹೇಳುವ ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹಸಿವಿರಲಿಲ್ಲ.

ಈ ಊರಿನ ಹೆಂಗಸರಿಗೆ ಆಗ ಈಜು ಬರುತ್ತಿರಲಿಲ್ಲ. ಕಾಲುವೆಯೂರಿನವಳಾದ ನನಗೆ ನಡೆಯುವುದಕ್ಕಿಂತ ಈಜುವುದೇ ಸಲೀಸು. ದೀಪಾವಳಿ ಕಳೆದ ಒಂದು ಮಧ್ಯಾಹ್ನ, ಜೊತೆಗೆ ಒಗೆಯಲು ಬಂದಿದ್ದವರೆಲ್ಲ ಊಟಕ್ಕೆ ಹೋದರು. ಕಂಬಳಿ ಒಣಗಬೇಕೆಂದು ನೆಪ ಹೇಳಿ ಉಳಿದುಕೊಂಡೆ. ಸೀರೆ ಕಚ್ಚೆ ಹಾಕಿ ಮುಳುಗಿದೆ. ನೀರು ಬಸವಣ್ಣನ ತಲೆಯ ಮೇಲೆ ಇನ್ನೂ ಒಂದಾಳಿತ್ತು. ಅವನನ್ನು ತಬ್ಬಿ ಅಲುಗಿಸಿದೆ. ನೀರೊಳಗೆ ಕಲ್ಲು ಹಗುರ. ಒಂದೊಂದು ಮೆಟ್ಟಿಲಿಗೆ ಒಂದೊಂದು ಮುಳುಗು, ಮೂರು ಮುಳುಗಿಗೆ ಮೂರು ಮೆಟ್ಟಿಲು. ಇಲ್ಲಿ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು: ಆ ಹೊತ್ತಿನಲ್ಲಿ ನನಗೆ ಪಾಪದ ಭಯ ಎಳ್ಳಷ್ಟೂ ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಈಜುತ್ತಿದ್ದೆ. ಕೆಲಸ ಮುಗಿದ ಮೇಲೂ ಸುಮ್ಮನೆ ಎರಡು ಸುತ್ತು ಹೊಡೆದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮೇಲಿನಿಂದ ಮೆಟ್ಟಿಲು ಎಣಿಸಿದ್ದರೆ ಕಳ್ಳತನ ಅಂದೇ ಬಯಲಾಗುತ್ತಿತ್ತು. ಆದರೆ ಬಸವಣ್ಣನೇ ಇರುವಾಗ ಮೆಟ್ಟಿಲು ಎಣಿಸುವವರು ಯಾರು?

ಎಳ್ಳಮಾಸೆಯ ಹೊತ್ತಿಗೆ ಭತ್ತದ ಕೊಯ್ಲು ಮುಗಿಯಿತು. ಪ್ರತಿ ವರ್ಷ ಅಷ್ಟರಲ್ಲಿ ಕಾಣುತ್ತಿದ್ದ ಬಸವಣ್ಣನ ಕೊಂಬಿನ ತುದಿಯೂ ಆ ವರ್ಷ ಕಾಣಲಿಲ್ಲ. ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ನೀರು ಉಳಿದಿದೆ, ಬೇಸಿಗೆ ಭತ್ತ ಹಾಕೋಣ ಎಂದು ಗಂಡಸರೆಲ್ಲ ಕುಣಿಯುವುದೊಂದು ಬಾಕಿ. ಆಗ ದುರುಗಜ್ಜ, ಏರಿಯ ತುದಿಯಲ್ಲಿ ನಿಂತಿದ್ದವರು, ತಲೆವಸ್ತ್ರ ಕೈಗೆ ತೆಗೆದುಕೊಂಡು ಮುಂದೆ ಬಂದರು.

“ನೀರು ದನದ ಪಾಲಿಗೆ ಬಂದೈತ್ರಿ. ಎಮ್ಮೆ ತೂಬಿನ ಮುಂದೆ ನಿಂತು ಬೆನ್ನು ಒಣಗಿಸ್ಕಂತಾವೆ. ತೂಬು ಮುಚ್ಚಾಕೆ ಅಪ್ಪಣೆ ಕೊಡ್ರಿ.”

ಅವರು ನೀರನ್ನು ಬಸವಣ್ಣನಿಂದ ಮಾತ್ರ ಅಳೆಯುತ್ತಿರಲಿಲ್ಲ. ಎಮ್ಮೆಯ ಬೆನ್ನಿನಿಂದ, ಏರಿಯ ಕಲ್ಲಿನ ಪಾಚಿಯಿಂದ, ತೂಬಿನಲ್ಲಿ ನೀರು ಹರಿಯುವ ಸದ್ದಿನಿಂದ ಅಳೆಯುತ್ತಿದ್ದರು. ಅವರ ಮಾತು ನಿಜವೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ. ಉತ್ತರ ಕೊಟ್ಟವರು ನಮ್ಮ ಯಜಮಾನರು.

“ಬಸವಣ್ಣನ ಕೊಂಬೇ ಕಂಡಿಲ್ಲ, ನಿನಗೆ ಗೊರಸು ಹೆಂಗೆ ಕಾಣ್ತೈತೋ ದುರುಗ? ಹೊನ್ನಾಳಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬಾ.”

ಅಜ್ಜ ನೀರನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತೂಬು ಎತ್ತುವ ಕಬ್ಬಿಣದ ಸಲಾಕೆಯನ್ನು ಮೆಟ್ಟಿಲ ಮೇಲೆ ಮೆಲ್ಲಗೆ, ಸದ್ದಾಗದಂತೆ ಇಟ್ಟರು.

“ಬಸವಣ್ಣ ಸುಳ್ಳು ಹೇಳಲ್ಲ. ಹಂಗಾರೆ ನನ್ನ ಕಣ್ಣೇ ಸುಳ್ಳು ಹೇಳ್ಯಾವೆ.”

ನಾನು ಹತ್ತು ಹೆಜ್ಜೆ ಆಚೆ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದೆ. ಅಲ್ಲೇ ಹೇಳಬಹುದಿತ್ತು. ಒಂದು ಮಾತು — ಆದರೆ ಮಾವನವರಿದ್ದರು, ಊರಿತ್ತು, ಮತ್ತು ರೇಡಿಯೋ... ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ. ಬಸವಣ್ಣನನ್ನು ಸರಿಸಿದ್ದು ಹುಡುಗಾಟವೆಂದು ಬೇಕಾದರೆ ಯಾರಾದರೂ ಕ್ಷಮಿಸಬಹುದು. ಆ ಬುಟ್ಟಿ ಎತ್ತಿಕೊಂಡದ್ದು ಹುಡುಗಾಟವಲ್ಲ.

ಅರ್ಧ ಗದ್ದೆ ನಾಟಿಯಾಯಿತು. ಯುಗಾದಿ ಕಳೆದು ಹದಿನೈದು ದಿನಕ್ಕೆ ಬೇಸಿಗೆ ಭತ್ತ ಮನೆಗೆ ಬಂತು. ಅಪ್ಪನನ್ನು ಕರೆಸಿ ಬಡಿಸಿದೆ. ಅವರು ಮೂರು ಸಲ ಅನ್ನ ಹಾಕಿಸಿಕೊಂಡರು. ಬಾಯಿ ಮಾತ್ರ ಮುಚ್ಚಲಿಲ್ಲ, ನಮ್ಮ ಕಾಲುವೆ ಅಕ್ಕಿಯಷ್ಟು ಬಿಳುಪಿಲ್ಲ ಎಂದರು. ರೇಡಿಯೋವೂ ಬಂತು. ಅದು ಬಂದ ವಾರವೇ ಕೆರೆ ಒಣಗಿತು.

ನಮ್ಮೂರಿನ ಯಾವ ಮುದುಕರೂ ಕೆರೆಯ ತಳ ನೋಡಿದವರಲ್ಲ. ಆ ವರ್ಷ ಎಲ್ಲರೂ ನೋಡಿದರು. ದನಗಳನ್ನು ದಿನಾ ಬೆಳಗ್ಗೆ ಎರಡು ಹರದಾರಿ ದೂರದ ಹೊಳೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಬೇಕಾಯಿತು. ಹೋಗಿ ಬರುವುದರಲ್ಲೇ ಅವುಗಳ ಹಾಲೆಲ್ಲ ಇಂಗುತ್ತಿತ್ತು. ನಮ್ಮ ಮನೆಯ ಎಮ್ಮೆ, ಚೆಲುವಿ, ಮೂರನೇ ದಿನ ದಾರಿಯಲ್ಲಿ ಮಲಗಿಬಿಟ್ಟು, ಏಳುವುದಿಲ್ಲವೆಂದು ನನ್ನನ್ನೇ ನೋಡಿತು. ಅದಕ್ಕೆ ವಿಷಯ ಗೊತ್ತಿದೆ ಎಂದು ಆಗ ನನಗೆ ಗಟ್ಟಿಯಾಗಿ ಅನ್ನಿಸಿತ್ತು. ರೇಡಿಯೋದಲ್ಲಿ ಹಾಡು ಬರುತ್ತಿತ್ತು, ಮನೆಯಲ್ಲಿ ಮಜ್ಜಿಗೆಯಿರಲಿಲ್ಲ.

ಊರಿನವರು ತಲೆಗೆ ಕೈ ಹಚ್ಚಿ ಯೋಚಿಸಿದರು. ಬಸವಣ್ಣ ಇದ್ದಲ್ಲೇ ಇದ್ದಾನೆ, ಗೊರಸು ಕಂಡೊಡನೆ ತೂಬನ್ನೂ ಮುಚ್ಚಿದ್ದೇವೆ; ಅವನ ಕೆಳಗಿನ ನೀರು ಇಷ್ಟು ಬೇಗ ಮುಗಿದಿದೆಯೆಂದರೆ ತಳದಲ್ಲಿ ಹೂಳು ತುಂಬಿರಬೇಕು. ಸರಿ, ಹೂಳೆತ್ತುವುದೆಂದು ತೀರ್ಮಾನವಾಯಿತು. ಅಯ್ಯೋ, ಆ ಒಂದು ತಿಂಗಳು! ಮನೆಗಿಬ್ಬರಂತೆ ಎರಡೂ ಕೇರಿಯವರು ಕೆರೆಗಿಳಿದೆವು. ಬುಟ್ಟಿ ಕೈಯಿಂದ ಕೈಗೆ ಹೋಯಿತು, ಯಾರ ಕೈಯೆಂದು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಕೆಸರಲ್ಲಿ ಜಾರಿ ಬೀಳದ ಗೌಡರಿಲ್ಲ. ನಮ್ಮತ್ತೆ, ಹೊಸಿಲು ದಾಟಿದರೆ ಸೊಂಟ ನೋವೆನ್ನುತ್ತಿದ್ದವರು, ಹಾಡು ಹೇಳುತ್ತಾ ಬುಟ್ಟಿ ಹೊತ್ತರು. ಆ ಕಪ್ಪು ಹೂಳು ಹೊಲಕ್ಕೆ ಬಿದ್ದು, ಮುಂದಿನ ವರ್ಷ ಜೋಳ ಆಳೆತ್ತರ ಬೆಳೆಯಿತು. ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತವಳು ನಾನು. ಇಂಥ ಸೊಸೆ ಯಾರಿಗುಂಟು ಎಂದು ಊರೆಲ್ಲ ಹೊಗಳಿತು. ಹೊಗಳಿದಷ್ಟೂ ಇನ್ನೊಂದು ಬುಟ್ಟಿ ಹೊತ್ತೆ.

ಮಳೆ ಬಂತು. ಕೆರೆ ತುಂಬಿತು. ಇನ್ನೊಂದು ಮಧ್ಯಾಹ್ನ ಅದೇ ಕಂಬಳಿ ಒಣಹಾಕಿ ಮತ್ತೆ ಮುಳುಗಿದೆ. ಇಳಿಸಲು ಮೂರು ಮುಳುಗು ಸಾಕಾಗಿತ್ತು. ಏರಿಸಲು ಹನ್ನೊಂದು ಬೇಕಾದವು. ಕೊನೆಯ ಮೆಟ್ಟಿಲಿಗೆ ಏರಿಸಿ, ಮೊದಲು ಅವನು ಯಾವ ಕಡೆ ಮುಖ ಮಾಡಿದ್ದನೆಂದು ನೆನಪಾಗದೆ ಒಳಗೇ ಒದ್ದಾಡಿದೆ. ಆ ವರ್ಷ ಎಳ್ಳಮಾಸೆಗೆ ಗೊರಸು ಕಂಡಿತು. ಬಸವಣ್ಣ ಈ ಸಲ ಅವಸರ ಮಾಡಿದ ಎಂದರು ಕೆಲವರು. ಆದರೆ ಹೊಳೆಯ ದಾರಿ ಎಲ್ಲರ ಕಾಲಿಗೂ ನೆನಪಿತ್ತು. ತೂಬು ಮುಚ್ಚಬೇಡಿ ಎಂದವರು ಒಬ್ಬರೂ ಇಲ್ಲ.

ಆಮೇಲಿನ ವರ್ಷಗಳನ್ನು ನೆನೆದರೆ ಮುಖ ಅರಳುತ್ತದೆ. ಈಗಲೂ ನಮ್ಮದು ಒಂದೇ ಬೆಳೆಯ ಊರು. ಕೊಯ್ಲಾದ ಗದ್ದೆಯ ತೇವಕ್ಕೆ ಕಡಲೆ, ಹೆಸರು ಚೆಲ್ಲುತ್ತೇವೆ, ಬಂದಷ್ಟು ಬರುತ್ತದೆ. ಬೇಸಿಗೆಯಲ್ಲಿ ಬೆಳ್ಳಕ್ಕಿಗಳು ಚೆಲುವಿಯ ಮಗಳ ಬೆನ್ನಿನ ಮೇಲೆ ಸವಾರಿ ಮಾಡುತ್ತವೆ. ಉಳಿದ ಆರು ತಿಂಗಳು ಏನು ಮಾಡುತ್ತೇವೆಂದು ಅಪ್ಪ ಕೇಳಿದ್ದರಲ್ಲ — ಬುಟ್ಟಿ ಹೆಣೆಯುತ್ತೇವೆ, ಮದುವೆ ಮಾಡುತ್ತೇವೆ, ಸೋಬಾನೆ ಕಲಿಯುತ್ತೇವೆ. ಈ ಊರಿನ ಹೆಣ್ಣುಮಕ್ಕಳಿಗೆಲ್ಲ ಈಜು ಕಲಿಸಿದವಳು ನಾನೇ. ಮತ್ತೆ, ಹೌದು, ಕೆರೆ ನೋಡುತ್ತಾ ಕೂರುತ್ತೇವೆ. ಅಪ್ಪನ ಗದ್ದೆಗೆ ಬಿಡುವಿಲ್ಲದೆ ನೀರು ನಿಂತು ನಿಂತು ಚೌಳು ಹಿಡಿಯಿತು. ಹೋದ ವರ್ಷ ಬಂದವರು ನಮ್ಮ ಅನ್ನ ಉಂಡು, ಬಿಳುಪಿನ ಸುದ್ದಿ ಎತ್ತದೆ, ಏರಿಯ ಮೇಲೆ ನನ್ನ ಪಕ್ಕ ಬಂದು ಕುಳಿತರು. ಇಬ್ಬರೂ ಕತ್ತಲಾಗುವವರೆಗೆ ಕೆರೆ ನೋಡಿದೆವು.

ಇಷ್ಟೆಲ್ಲ ಸರಿಹೋಯಿತು. ಸರಿಹೋಗದೆ ಉಳಿದದ್ದು ಒಂದೇ. ಹೂಳೆತ್ತಿದ ಮೇಲೆ ಊರಿನವರೇ ಹೋಗಿ ಕರೆದಿದ್ದರಿಂದ ದುರುಗಜ್ಜ ಸಲಾಕೆಯನ್ನು ಮತ್ತೆ ಹಿಡಿದರು. ಆದರೆ ಅವತ್ತಿನಿಂದ ಅವರು ತಮ್ಮ ಕಣ್ಣನ್ನು ನಂಬುವುದಿಲ್ಲ. ಆಕಾಶದಲ್ಲಿ ಹಾರುವ ಹಕ್ಕಿ ಯಾವುದೆಂದು ಹೇಳುವ ಕಣ್ಣು ಅದು. ಆದರೂ ಪ್ರತಿ ಗೊರಸಿನ ದಿನ ಮೆಟ್ಟಿಲ ಬಳಿ ನಿಂತು, ಹತ್ತಿರವಿದ್ದವರನ್ನು — ಎಷ್ಟೋ ಸಲ ನನ್ನನ್ನೇ — ಕೇಳುತ್ತಾರೆ: ‘ಅವ್ವಾರೆ, ಗೊರಸು ಕಂಡ್ವಾ ನೋಡ್ರಿ, ನನ್ನ ಕಣ್ಣು ನಂಬಾಕೆ ಆಗಲ್ಲ.’ ನಾನು ಕಂಡಿತು ಎನ್ನುತ್ತೇನೆ. ಹನ್ನೊಂದು ವರ್ಷ ಹಾಗೇ ಅಂದಿದ್ದೇನೆ.

ಈಗ ಊರಿಗೆ ಕರೆಂಟು ಬಂದಿದೆ. ಕೆರೆಗೆ ಪಂಪ್‌ಸೆಟ್ ಇಳಿಸಿ ಕಬ್ಬು ಹಾಕೋಣ, ಊರು ಮುಂದುವರಿಯಬೇಕು ಎಂದು ಕೆಲವರು ಹೊರಟಿದ್ದಾರೆ. ನಾಳೆ ಹುಗ್ಗಿಯ ಊಟವಾದ ಮೇಲೆ ಅದೇ ಮಾತು. ಮೊನ್ನೆ ದುರುಗಜ್ಜ ಅದು ಬ್ಯಾಡ ಎಂದರಂತೆ. ಅದಕ್ಕೆ ಅವರೆಲ್ಲ, ಅವತ್ತು ನಿನ್ನ ಕಣ್ಣು ಕೆಟ್ಟಿತ್ತು, ಇವತ್ತು ತಲೆ ಕೆಟ್ಟಿದೆ ಎಂದು ನಕ್ಕರಂತೆ. ಆ ನಗುವಿಗೆ ಮೊದಲು ದಾರಿ ಮಾಡಿಕೊಟ್ಟವಳು ನಾನು. ಕೆರೆಯ ತಳದವರೆಗೆ ಹೋಗಿ ಅಲ್ಲೇನಿದೆಯೆಂದು ನೋಡಿ ಬಂದ ಊರು ನಮ್ಮದು, ಯಾಕೆ ಹೋದೆವೆಂದು ಮಾತ್ರ ಅದಕ್ಕೆ ಗೊತ್ತಿಲ್ಲ. ನಿಜ ತಿಳಿದ ಮೇಲೂ ಅವರಿಗೆ ಪಂಪ್‌ಸೆಟ್ಟೇ ಬೇಕೆನಿಸಿದರೆ, ಅದನ್ನು ತೀರ್ಮಾನಿಸುವವರು ಅವರು. ಇನ್ನೊಮ್ಮೆ ನೀರೊಳಗೆ ಮುಳುಗಿ ನಾನೊಬ್ಬಳೇ ತೀರ್ಮಾನಿಸುವುದಿಲ್ಲ.

ಯಜಮಾನರಿಗೆ ಇಂದು ಬೆಳಗ್ಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ಅವತ್ತು ಅಜ್ಜನಿಗೆ ಹಾಗೆ ಅಂದವನು ನಾನು, ನಾಳೆ ನಾನೂ ಬರುತ್ತೇನೆ ಎಂದರು. ಊರು ಬೈಯಬಹುದು, ನಗಬಹುದು. ಅಜ್ಜ ಮುಖ ತಿರುಗಿಸಬಹುದು; ಅದು ಅವರ ಹಕ್ಕು. ನಿನ್ನೆ ಸಂಜೆ ನೀರು ಬಸವಣ್ಣನ ಮೊಣಕಾಲಿಗಿತ್ತು. ನಾಳೆ ಅಜ್ಜ ಮೆಟ್ಟಿಲ ಬಳಿ ನಿಂತು ಎಂದಿನಂತೆ ನನ್ನನ್ನು ಕೇಳುತ್ತಾರೆ. ಕಂಡಿತು ಎಂದು ಈ ಸಲ ಹೇಳುವುದಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಬೇಕಾದ ಮಾತನ್ನು ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬಂದಿದ್ದೇನೆ:

“ನೀವೇ ನೋಡಿ ಹೇಳ್ರಿ ಅಜ್ಜ. ಆ ವರ್ಷನೂ ನಿಮ್ಮ ಕಣ್ಣು ಸರಿಯಾಗೇ ನೋಡಿದ್ವು. ಬಸವಣ್ಣನ್ನ ಇಳಿಸಿದ್ದು ನಾನು.”